ಮಂಗೋಲಿಯಾಕ್ಕೆ ಯೂಜಾ ಹೋದ ದಾರಿ

ವರದಿಯ ಮೂವತ್ತೊಂದನೆಯ ಪುಟಕ್ಕೆ ಬಂದಾಗ ಪ್ಯೋ ಇನ್‌ಸುಕ್ ಕನ್ನಡಕ ತೆಗೆದು, ಕಣ್ಣು ಒರೆಸಿಕೊಂಡು ಮತ್ತೊಮ್ಮೆ ಓದಿದಳು. ಮಂಗೋಲಿಯಾ ಎಂದೇ ಇತ್ತು.

ದಕ್ಷಿಣ ಕರಾವಳಿಯ ಒಂದು ಜಿಲ್ಲೆ ತನ್ನ ಪುಟ್ಟ ದ್ವೀಪವೊಂದರ ಯೂಜಾ ಎಂಬ ನಿಂಬೆ ಜಾತಿಯ ಹಣ್ಣಿಗೆ ಹೊರದೇಶದಲ್ಲಿ ಗಿರಾಕಿ ಹುಡುಕಲು ಐದು ವರ್ಷ ನಡೆಸಿದ ಯೋಜನೆಯ ವರದಿ ಅದು. ಇನ್‌ಸುಕ್‌ಳ ಕಚೇರಿ ಇಂಥ ಯೋಜನೆಗಳನ್ನು ಪರಿಶೀಲಿಸುವ ಸರ್ಕಾರಿ ಕಚೇರಿ. ಮಾಡುತ್ತೇವೆಂದದ್ದು ಆಯಿತೇ, ಆದದ್ದು ಇವರು ಮಾಡಿದ್ದರಿಂದಲೇ ಆಯಿತೇ ಎಂದು ಕೇಳುವುದು ಅವಳ ಕೆಲಸ. ಇಪ್ಪತ್ತಾರು ವರ್ಷಗಳಿಂದ ಕೇಳುತ್ತಲೇ ಬಂದಿದ್ದಳು. ಮೊದಲ ಪ್ರಶ್ನೆಗೆ ಎಲ್ಲರ ಬಳಿಯೂ ಉತ್ತರವಿರುತ್ತಿತ್ತು. ಎರಡನೆಯದನ್ನು ಕೇಳಿದರೆ ಜನ ಕಾಫಿ ತರಿಸುತ್ತಿದ್ದರು.

ಮೂವತ್ತು ಪುಟಗಳ ತುಂಬ ಯುರೋಪೇ ಇತ್ತು. ಮೇಳಗಳ ಫೋಟೋಗಳು, ದೀಪದ ಬೆಳಕಿನಲ್ಲಿ ಜೇನಿನಂತೆ ಹೊಳೆಯುವ ಯೂಜಾ ಪಾಕದ ಶೀಶೆಗಳು, ಚಮಚ ಹಿಡಿದು ನಗುವ ಹೊಂಬಣ್ಣದ ಕೂದಲಿನ ಹೆಂಗಸರು. ಆದರೆ ದ್ವೀಪದಿಂದ ಹೊರಟ ಶೀಶೆಗಳಲ್ಲಿ ಹತ್ತಕ್ಕೆ ಒಂಬತ್ತು ಹೋದದ್ದು ಮಂಗೋಲಿಯಾಕ್ಕೆ. ಅಲ್ಲಿ ಒಂದು ಮೇಳವೂ ನಡೆದಿರಲಿಲ್ಲ, ಆ ಭಾಷೆಯಲ್ಲಿ ಒಂದು ಕರಪತ್ರವೂ ಅಚ್ಚಾಗಿರಲಿಲ್ಲ. ಕೆಳಗೆ ಒಂದೇ ಸಾಲಿನ ವಿವರಣೆ: ‘ಯುರೋಪಿನ ಮೇಳಗಳಲ್ಲಿ ಗಳಿಸಿದ ಹೆಸರು ಏಷ್ಯಾದ ಒಳನಾಡಿಗೂ ಹಬ್ಬಿದ ಫಲ.’

ಇನ್‌ಸುಕ್ ಕಣ್ಣು ಮುಚ್ಚಿದಳು. ಹಿಮ ಬಿದ್ದ ಕೊನೆಯಿಲ್ಲದ ಬಯಲು ಕಾಣಿಸಿತು. ಅದರ ನಡುವೆ ಒಂದು ಹಳದಿ ಶೀಶೆ, ಯಾರೋ ಮರೆತು ಹೋದ ದೀಪದ ಹಾಗೆ. ಅದನ್ನು ಅಲ್ಲಿ ಇಟ್ಟವರು ಯಾರು ಎಂದು ಅವಳಿಗೆ ನಿಜಕ್ಕೂ ತಿಳಿಯಬೇಕೆನಿಸಿತು. ಬಹಳ ವರ್ಷಗಳ ಮೇಲೆ ಕೆಲಸದಲ್ಲಿ ಹಾಗೆ ಅನ್ನಿಸಿದ್ದು.

ಜಿಲ್ಲಾ ಕಚೇರಿಯಲ್ಲಿ ಆ ಯೋಜನೆ ನೋಡಿಕೊಳ್ಳುತ್ತಿದ್ದವನು ಗುಕ್ ತೆಹ್ವಾನ್. ಐವತ್ತರ ಅಂಚಿನವನು, ಕಣ್ಣ ಕೆಳಗೆ ಕಪ್ಪು. ಅವಳು ಕೂರುವ ಮೊದಲೇ ಕಾಫಿ ಬಂತು.

“ಮಂಗೋಲಿಯಾಕ್ಕೆ ನೀವು ಯಾವಾಗ ಹೋಗಿದ್ರಿ?” ಎಂದಳು ಇನ್‌ಸುಕ್.

“ಹೋಗಿಲ್ಲ ಮೇಡಂ.”

“ಅಲ್ಲಿಂದ ಯಾರಾದ್ರೂ ಬಂದಿದ್ರಾ?”

“ಇಲ್ಲ. ಆದ್ರೆ ಹೆಸರು ಅನ್ನೋದು ಗಾಳೀಲಿ ಹೋಗುತ್ತಲ್ವಾ.” ಗುಕ್ ತನ್ನ ಮಾತಿಗೆ ತಾನೇ ನಾಚಿದವನಂತೆ ಕಪ್ಪಿನೊಳಗೆ ನೋಡಿದ. “ಸುಳ್ಳು ಬರೆದಿದ್ದೀನಿ ಅನ್ಕೋಬೇಡಿ. ಐದು ವರ್ಷ ನಾನೇ ಆ ಮೇಳಗಳಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ನಿಂತು ಚಮಚದಲ್ಲಿ ರುಚಿ ತೋರಿಸಿದ್ದೀನಿ. ಕಾಲು ಬಾತುಕೊಂಡು ಬೂಟು ಹಿಡೀತಿರಲಿಲ್ಲ. ಜರ್ಮನ್ನರು ಮೂಸಿ ನೋಡಿ, ಇದೇನು ಸೋಪಾ ಅಂತ ಕೇಳೋರು. ಅಷ್ಟು ಕಷ್ಟಪಟ್ಟಿದ್ದಕ್ಕೆ ಎಲ್ಲೋ ಒಂದು ಕಡೆ ಫಲ ಸಿಕ್ಕಿರಬೇಕು ಅಂತ ನಂಬಿದೆ. ಅಷ್ಟೇ.”

ಇನ್‌ಸುಕ್‌ಗೆ ನಗು ಬಂತು, ಜೊತೆಗೆ ಪಾಪ ಎಂದೂ ಅನಿಸಿತು. “ನಾಳೆ ದ್ವೀಪಕ್ಕೆ ಹೋಗಿ ಬರ್ತೀನಿ,” ಎಂದಳು.

“ಒಂದೇ ದಿನದ ಕೆಲಸ. ಸಂಜೆ ಲಾಂಚಿಗೆ ವಾಪಸ್ ಬರಬಹುದು,” ಎಂದ ಗುಕ್.

ಮರುದಿನ ಲಾಂಚು ಅವಳನ್ನು ಇಳಿಸಿ ತಿರುಗಿದ್ದೇ ತಡ, ಕಡಲಿನ ಮೇಲಿಂದ ಮಂಜು ಎದ್ದು ಬಂತು. ವಸಂತದಲ್ಲಿ ಬರಬೇಕಾದ ಮಂಜು ನವೆಂಬರಿನಲ್ಲಿ ಬಂದಿತ್ತು. ಮೊದಲು ಎದುರಿನ ಬಂಡೆಗಳು ಹೋದವು, ಆಮೇಲೆ ದೋಣಿಗಳು, ಆಮೇಲೆ ಕಟ್ಟೆಯ ಕೊನೆ. ಧ್ವನಿವರ್ಧಕದಲ್ಲಿ ಯಾರೋ ಮುಂದಿನ ಸೂಚನೆಯವರೆಗೆ ಲಾಂಚು ಇಲ್ಲವೆಂದರು. ದ್ವೀಪವಿಡೀ ಯೂಜಾದ ವಾಸನೆಯಲ್ಲಿ ನೆನೆದಿತ್ತು. ಬಿಳಿಯ ಮಂಜಿನಲ್ಲಿ ನಡೆಯುತ್ತಿದ್ದರೆ ಹಣ್ಣಿನ ಸಿಪ್ಪೆಯ ಒಳಗಿನ ಬಿಳಿ ತಿರುಳಿನಲ್ಲೇ ನಡೆದಂತೆ ಅನಿಸುತ್ತಿತ್ತು.

ಮಹಿಳಾ ಸಹಕಾರ ಸಂಘದ ಅಧ್ಯಕ್ಷೆ ಮಾಕ್ಸುನ್ ಅಜ್ಜಿ ಅವಳನ್ನು ತನ್ನ ಮನೆಗೇ ಕರೆದೊಯ್ದಳು. ಎಪ್ಪತ್ತೆಂಟು ವರ್ಷದ ಮುದುಕಿ. ನಡು ಬಗ್ಗಿತ್ತು, ಬಾಯಿ ಬಗ್ಗಿರಲಿಲ್ಲ.

“ಸರ್ಕಾರದೋರು ಅಂದ್ರೆ ಇಷ್ಟು ಸಣ್ಣಕ್ಕಿರ್ತೀರಾ? ಊಟ ಹಾಕಲ್ವಾ ನಿಮಗೆ?” ಎನ್ನುತ್ತ ಸಿಂಪಿ ಹಾಕಿದ ಕಡಲಪಾಚಿಯ ಸಾರು, ಅನ್ನ, ಮೂಲಂಗಿಯ ಕಿಮ್ಚಿ ಉಪ್ಪಿನಕಾಯಿ ಬಡಿಸಿ, ಅಡಿಯಿಂದ ಕಾಯುವ ನೆಲವನ್ನು ಬಿಸಿ ಮಾಡಿ, ಮಧ್ಯಾಹ್ನವೇ ಮಲಗೆಂದಳು. ಇನ್‌ಸುಕ್ ಬೆಚ್ಚಗಿನ ನೆಲಕ್ಕೆ ಬೆನ್ನು ತಾಗಿಸಿದ್ದಷ್ಟೇ ನೆನಪು. ಎದ್ದಾಗ ಕಿಟಕಿಯಲ್ಲಿ ಅದೇ ಬಿಳುಪು. ಗಂಟೆ ಎಷ್ಟೆಂದು ಊಹಿಸಲೂ ಆಗಲಿಲ್ಲ.

ಸಂಘದ ಷೆಡ್ಡು ಮನೆಯ ಪಕ್ಕದಲ್ಲೇ ಇತ್ತು. ಒಂಬತ್ತು ಮಂದಿ ಮುದುಕಿಯರು ಸುತ್ತ ಕೂತು ಯೂಜಾ ಸೀಳಿ, ಬೀಜ ಬಿಡಿಸಿ, ಸಿಪ್ಪೆಯನ್ನು ಎಳೆಯೆಳೆಯಾಗಿ ಹೆಚ್ಚಿ, ಟೀಗೆ ಬೆರೆಸುವ ಪಾಕಕ್ಕೆಂದು ಸಕ್ಕರೆಯ ಡ್ರಮ್ಮಿಗೆ ಹಾಕುತ್ತಿದ್ದರು. ಹೆಚ್ಚುವ ಸದ್ದು ದೂರದ ಮಳೆಯಂತಿತ್ತು.

“ಮಂಗೋಲಿಯಾದ ಗಿರಾಕಿನ ಹುಡುಕಿದ್ದು ಯಾರು ಅಜ್ಜಿ?” ಎಂದಳು ಇನ್‌ಸುಕ್.

ಮಳೆ ನಿಂತಿತು. ಒಂಬತ್ತು ಚಾಕುಗಳೂ ಒಮ್ಮೆಲೇ ನಿಂತವು.

“ಸರ್ಕಾರ,” ಎಂದಳು ಮಾಕ್ಸುನ್ ಅಜ್ಜಿ.

“ಹೂಂ, ಸರ್ಕಾರನೇ,” ಎಂದರು ಉಳಿದವರು. ಚಾಕುಗಳು ಮತ್ತೆ ಓಡತೊಡಗಿದವು, ಸ್ವಲ್ಪ ಹೆಚ್ಚು ವೇಗವಾಗಿ.

ಇನ್‌ಸುಕ್ ಗೋಡೆಯ ಕಡೆ ನೋಡುತ್ತ ನಿಂತಳು. ಸುಣ್ಣದ ಗೋಡೆಯ ಮೇಲೆ ಸೀಸದಕಡ್ಡಿಯಲ್ಲಿ ಪದಗಳನ್ನು ಬರೆದಿದ್ದರು. ಖುತ್ಗಾ ಅಂದರೆ ಚಾಕು. ಎಮೇ ಅಂದರೆ ಅಜ್ಜಿ. ಅಮ್ತ್‌ತಾಯ್ ಅಂದರೆ ರುಚಿ. ಇಪ್ಪತ್ತಕ್ಕೂ ಹೆಚ್ಚಿದ್ದವು.

“ಇದೇನಿದು?”

“ಅದಾ? ಮಕ್ಕಳು ಗೀಚಿದ್ದು,” ಎಂದಳು ದೊಕ್ಸಿಮ್ ಎಂಬಾಕೆ. ಅವರಲ್ಲೆಲ್ಲ ಅವಳೇ ಕಿರಿಯಳು, ಅರವತ್ತೇಳು.

“ಈ ದ್ವೀಪದಲ್ಲಿ ಮಕ್ಕಳಿದ್ದಾರಾ?”

ಶಾಲೆ ಮುಚ್ಚಿ ಹದಿನಾಲ್ಕು ವರ್ಷವಾಗಿತ್ತು. ದೊಕ್ಸಿಮ್ ಚಾಕುವಿನಿಂದ ಕಣ್ಣೆತ್ತದೆ, “ಮುದುಕೀರಾದ್ಮೇಲೆ ನಾವೂ ಮಕ್ಕಳೇ ಅಲ್ವಾ ಮೇಡಂ,” ಎಂದಳು. ಎಲ್ಲರೂ ನಕ್ಕರು. ಮಾಕ್ಸುನ್ ಅಜ್ಜಿ ಮಾತ್ರ ನಗಲಿಲ್ಲ.

ಎರಡನೆಯ ದಿನವೂ ಮಂಜು ಕದಲಲಿಲ್ಲ. ಸುಮ್ಮನೆ ಕೂರಲಾಗದೆ ಇನ್‌ಸುಕ್ ಒಂದು ಚಾಕು ಕೇಳಿ ಪಡೆದು ಅವರ ನಡುವೆ ಕೂತಳು. ಅವಳು ಹೆಚ್ಚಿದ್ದನ್ನು ದೊಕ್ಸಿಮ್ ಎತ್ತಿ ಬೆಳಕಿಗೆ ಹಿಡಿದು, “ಇದು ಟೀಗಾ ಅಥವಾ ಸೌದೆ ಒಲೆಗಾ?” ಎಂದಳು. ಇನ್‌ಸುಕ್ ಇನ್ನೂ ತೆಳ್ಳಗೆ ಹೆಚ್ಚಿದಳು. ಬಹಳ ಹೊತ್ತು ಹಾಗೇ ಕೂತಿದ್ದರೆ ಕೈ ತನ್ನ ಪಾಡಿಗೆ ತಾನು ನಡೆಯುತ್ತದೆ, ಮನಸ್ಸು ಎಲ್ಲೋ ತೇಲುತ್ತದೆ. ಎಲ್ಲಿ ತೇಲುತ್ತಿದ್ದೆನೆಂದು ತಿಳಿಯುವ ಮೊದಲೇ ಅವಳು ಮಾತಾಡುತ್ತಿದ್ದಳು.

“ನಮ್ಮಮ್ಮ ವಿಗ್ಗಿನ ಕಾರ್ಖಾನೇಲಿದ್ದಳು. ಹದಿನಾರನೇ ವಯಸ್ಸಿಂದ. ಜಾಲರಿಗೆ ಒಂದೊಂದೇ ಕೂದಲು ಕಟ್ಟೋ ಕೆಲಸ. ಎಲ್ಲ ಅಮೆರಿಕಾಗೆ ಹೋಗ್ತಿತ್ತು.”

“ನಮ್ಮಕ್ಕ ಜಡೆ ಕತ್ತರಿಸಿ ಮಾರಿದ್ದಳು ಆಗ,” ಎಂದಳು ಮಾಕ್ಸುನ್ ಅಜ್ಜಿ. “ಆ ಜಡೆನೂ ನಿಮ್ಮಮ್ಮನ ಕೈಗೇ ಹೋಗಿತ್ತೋ ಏನೋ.”

“ಕನಸಲ್ಲಿ ಆ ತಲೆಗಳು ಬರ್ತಿದ್ವಂತೆ. ಬೀದೀಲಿ ಸಾಲಾಗಿ ಹೆಂಗಸರು ನಡ್ಕೊಂಡು ಹೋಗ್ತಿರ್ತಾರೆ, ಬೆನ್ನು ಮಾತ್ರ ಕಾಣುತ್ತೆ, ಕೂದಲು ತಾನೇ ಕಟ್ಟಿದ್ದು ಅಂತ ಗೊತ್ತಾಗುತ್ತೆ. ಕೂಗಿದ್ರೆ ಯಾರೂ ತಿರುಗಲ್ವಂತೆ. ಒಂದು ವರ್ಷ ಸರ್ಕಾರ ಆಚರಿಸೋ ರಫ್ತು ದಿನದಂದು ಕಾರ್ಖಾನೆ ಯಜಮಾನನಿಗೆ ಪದಕ ಬಂತು. ಹುಡುಗೀರಿಗೆಲ್ಲ ಒಂದೊಂದು ಟವೆಲ್ ಕೊಟ್ಟರು. ಅಮ್ಮ ಅದನ್ನ ಬಳಸಲೇ ಇಲ್ಲ.”

“ಯಾಕೆ?”

“ಕೇಳಿದ್ದೆ. ಒರೆಸಿಕೊಳ್ಳೋಕೆ ನಾನೇನು ಒದ್ದೆಯಾಗಿದ್ನಾ ಅಂದಳು.”

ಯಾರೂ ನಗಲಿಲ್ಲ. ಚಾಕುಗಳು ನಿಲ್ಲಲಿಲ್ಲ. ಹೊರಗೆ ಕಾಣದ ಕಡಲು ಉಸಿರಾಡುತ್ತಿತ್ತು.

ಮೂರನೆಯ ಬೆಳಿಗ್ಗೆ ಮಾಕ್ಸುನ್ ಅಜ್ಜಿ ತಾನಾಗಿಯೇ, “ಬಾ ಮಗಾ, ತೋಟ ತೋರಿಸ್ತೀನಿ,” ಎಂದಳು. ಮೇಡಂ ಹೋಗಿ ಮಗಾ ಆಗಿತ್ತು. ಗುಡ್ಡದ ಮೇಲಿನ ತೋಟದಲ್ಲಿ ಮರಗಳು ಕಾಣುತ್ತಿರಲಿಲ್ಲ, ಬಿಳಿಯ ನಡುವೆ ಹಣ್ಣುಗಳಷ್ಟೇ ತೂಗಾಡುತ್ತಿದ್ದವು. ಅಜ್ಜಿ ಒಂದು ಕಲ್ಲಿನ ಮೇಲೆ ಕೂತು ಹೇಳತೊಡಗಿದಳು.

ಆ ಹೆಂಗಸಿನ ಹೆಸರು ಸರಂಗೆರೆಲ್. ಹಾಗೆಂದರೆ ಅವಳ ಮಾತಿನಲ್ಲಿ ಬೆಳದಿಂಗಳು. ದ್ವೀಪದ ನಾಲಿಗೆಗೆ ಅಷ್ಟುದ್ದ ಆಗದೆ ಸರಾಂಗ್ ಎಂದು ಕರೆದರು. ಇಲ್ಲಿಯ ಮಾತಿನಲ್ಲಿ ಅದು ಪ್ರೀತಿ ಎಂದಾಯಿತು. ಮೂವತ್ತನಾಲ್ಕು ವರ್ಷದವಳು ಕೆಲಸ ಹುಡುಕಿಕೊಂಡು ಬಂದು ನಾಲ್ಕು ವರ್ಷ ಇದ್ದಳು. ವೀಸಾ ಇದ್ದದ್ದು ಮೊದಲ ಮೂರು ತಿಂಗಳಿಗೆ ಮಾತ್ರ. ಅಪ್ಪನಿಗೆ ಕಾಯಿಲೆಯೆಂದು ಸುದ್ದಿ ಬಂದಾಗ ತಾನೇ ಹೋಗಿ ವಲಸೆ ಕಚೇರಿಯಲ್ಲಿ ತಪ್ಪು ಒಪ್ಪಿಕೊಂಡು ಊರಿಗೆ ಹೊರಟಳು. ಹಾಗೆ ಹೋದವರು ಎಂಟು ವರ್ಷ ಮರಳಿ ಬರುವಂತಿಲ್ಲ ಎಂದು ಮೊಹರು ಹಾಕಿ ಕಳಿಸಿದರು.

“ಹೋಗುವಾಗ ಸಂಬಳ ಬಿಟ್ಟು ಇನ್ನೇನು ಬೇಕೇ ಅಂದೆ. ಹನ್ನೊಂದು ಶೀಶೆ ಯೂಜಾ ಕೇಳಿದಳು. ಒಡೀದೆ ಇರಲಿ ಅಂತ ಕೆಲಸದ ಪ್ಯಾಂಟಲ್ಲಿ ಸುತ್ತಿಕೊಂಡು ಹೋದಳು. ಅವಳೂರಲ್ಲಿ ರೈಲು ನಿಲ್ಲುತ್ತಂತೆ. ಚಳಿಗಾಲದಲ್ಲಿ ಉಸಿರು ಹೆಪ್ಪುಗಟ್ಟುತ್ತಂತೆ. ಪ್ಲಾಟ್‌ಫಾರಮ್ಮಲ್ಲಿ ನಿಂತು ಬಿಸಿನೀರಿಗೆ ಯೂಜಾ ಹಾಕಿ ಮಾರಿದಳಂತೆ. ಎರಡು ತಿಂಗಳಿಗೆ ಫೋನು ಬಂತು, ಎಮೇ, ಇನ್ನೂ ಕಳಿಸು ಅಂತ.”

ಅಜ್ಜಿ ಅಂಗಿಯ ಒಳಗಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದಳು. ಅಂಚೆ ಕಚೇರಿಯ ಪಾರ್ಸಲ್ ರಸೀದಿ. ತಾರೀಖು ಫೆಬ್ರವರಿಯದು. ಜಿಲ್ಲೆಯ ಯೋಜನೆ ಶುರುವಾದದ್ದು ಅದೇ ವರ್ಷ ಜುಲೈನಲ್ಲಿ.

ಇನ್‌ಸುಕ್ ಚೀಟಿಯನ್ನು ಬಹಳ ಹೊತ್ತು ನೋಡಿದಳು. “ಇಷ್ಟು ದಿನ ಯಾಕೆ ಹೇಳಲಿಲ್ಲ ಅಜ್ಜಿ?”

“ಹೇಳಿದ್ರೆ, ಕಾಗದ ಇಲ್ದೋಳನ್ನ ಕೆಲಸಕ್ಕಿಟ್ಕೊಂಡಿದ್ದೆ ಅಂತ ಸಂಘನೇ ಮುಚ್ಚಿಸಿದ್ರೆ? ಒಂಬತ್ತು ಜನ ಮುದುಕೀರು ಎಲ್ಲಿಗೆ ಹೋಗ್ಬೇಕು?”

“ಮುಚ್ಚಿಸಲ್ಲ. ದಂಡ ಬೀಳಬಹುದು, ಬೀಳೋದೇ ಹೆಚ್ಚು.” ಇನ್‌ಸುಕ್ ಸುಳ್ಳು ಹೇಳಲಿಲ್ಲ. “ಹೆಸರು ಬರೀಬೇಕು ಅಂತಿಲ್ಲ. ಈ ವ್ಯಾಪಾರ ಯೋಜನೆಯಿಂದ ಆಗಿದ್ದಲ್ಲ ಅಂತ ಒಂದು ಸಾಲು ಹಾಕ್ತೀನಿ. ನಿಮ್ಮ ತನಕ ಬರೋದೇ ಇಲ್ಲ,” ಎಂದಳು.

ಅಜ್ಜಿ ಕೈ ಚಾಚಿ ಮಂಜಿನೊಳಗಿಂದ ಒಂದು ಹಣ್ಣನ್ನು ಕಿತ್ತಳು. ಉಗುರಿನಿಂದ ಗೀರಿ ಮೂಸಿದಳು.

“ಸರ್ಕಾರದ್ದಲ್ಲ ಅಂದ್ಬಿಟ್ರೆ ಆಯ್ತಾ? ಯಾರದ್ದೂ ಅಲ್ಲ ಅಂತ ಆಗುತ್ತೆ. ಮೂರು ಕಾಸಿನ ಟವೆಲ್ಲಾದ್ರೂ ಸಿಕ್ಕಿತ್ತಲ್ಲ ನಿಮ್ಮಮ್ಮಂಗೆ. ಇವಳಿಗೆ ಅದೂ ಇಲ್ವಲ್ಲ ಮಗಾ.” ಹಣ್ಣನ್ನು ಇನ್‌ಸುಕ್‌ಳ ಜೇಬಿಗೆ ತುರುಕಿದಳು. “ಅವಳನ್ನೇ ಕೇಳೋಣ.”

ಗುಡ್ಡದ ತುದಿಯಲ್ಲಿ ಮಾತ್ರ ಫೋನು ಸಿಗುತ್ತಿತ್ತು. ಪರದೆಯಲ್ಲಿ ಮೊದಲು ಬರೀ ಬಿಳಿ ಕಂಡಿತು, ಅಲ್ಲಿಯ ಹಿಮ. ಆ ಕಡೆಗೂ ಬಿಳಿಯೇ ಕಂಡಿರಬೇಕು. ಆಮೇಲೆ ಬಿಳಿಯೊಳಗಿಂದ ಒಂದು ಕೆಂಪು ಟೋಪಿ, ಅಗಲವಾದ ಮುಖ, ಹಿಂದೆ ಹಬೆಯಾಡುವ ದೊಡ್ಡ ಕೆಟಲ್ಲು. ಎಲ್ಲೋ ರೈಲೊಂದು ಬರುತ್ತಿತ್ತು ಅಥವಾ ಹೋಗುತ್ತಿತ್ತು.

“ಎಮೇ, ಊಟ ಆಯ್ತಾ?” ಎಂದಳು ಸರಂಗೆರೆಲ್, ದ್ವೀಪದ ಹೆಂಗಸರದೇ ರಾಗದಲ್ಲಿ.

ಅಜ್ಜಿ ಎಲ್ಲವನ್ನೂ ಹೇಳಿದಳು. ಪ್ರಯಾಣಿಕನೊಬ್ಬ ಬಂದು ಏನೋ ಕೇಳಿದ. ಸರಂಗೆರೆಲ್ ಅವನಿಗೆ ಲೋಟ ತುಂಬಿ ಕೊಟ್ಟು ಮತ್ತೆ ತಿರುಗಿದಳು.

“ಅಕ್ಕಾ,” ಎಂದಳು ಇನ್‌ಸುಕ್‌ಗೆ, “ನನಗೆ ಹೆದರಿಕೆ ಇಲ್ಲ. ನಾನು ಮಾಡಿದ ತಪ್ಪಿಗೆ ಮೊಹರು ಬಿದ್ದಾಯ್ತು. ಎಮೇಗೆ ಬೈತಾರಾ?”

“ಬೈಯಬಹುದು.”

“ಬೈಲಿ ಬಿಡೇ,” ಎಂದಳು ಅಜ್ಜಿ. “ನನ್ನ ಗಂಡ ನಲವತ್ತು ವರ್ಷ ಬೈದ. ಸತ್ತಿದ್ದು ಅವನು.”

ಆ ತುದಿಯಲ್ಲಿ ಸರಂಗೆರೆಲ್ ಜೋರಾಗಿ ನಕ್ಕಳು. ನಗುತ್ತಿದ್ದಂತೆಯೇ ಚಿತ್ರ ತುಂಡಾಯಿತು. ಪರದೆಯಲ್ಲಿ ಕೆಂಪು ಟೋಪಿ ಮಸುಕಾಗಿ ಕೆಲವು ಕ್ಷಣ ನಿಂತಿತ್ತು.

ಮಧ್ಯಾಹ್ನ ಮಂಜು ಸರಿಯಿತು. ಇನ್‌ಸುಕ್ ಲಾಂಚು ಹತ್ತಿ ತಿರುಗಿ ನೋಡಿದಾಗ ದ್ವೀಪ ಅವಳು ಅಂದುಕೊಂಡದ್ದಕ್ಕಿಂತ ಎಷ್ಟೋ ಚಿಕ್ಕದಾಗಿತ್ತು.

ಡಿಸೆಂಬರಿನಲ್ಲಿ ವಿಚಾರಣೆಯ ಸಭೆ ನಡೆಯಿತು. ಅದರ ಹಿಂದಿನ ದಿನ ಇನ್‌ಸುಕ್‌ಳ ಮೇಲಧಿಕಾರಿ ಕರಡನ್ನು ಓದಿ, “ಯೋಜನೆಯಿಂದ ಆದದ್ದಲ್ಲ ಅಂದ್ರೆ ನಮ್ಮ ಕೆಲಸ ಮುಗೀತಲ್ಲ. ಈ ಹೆಂಗಸಿನ ಕತೆ ಯಾಕೆ?” ಎಂದಿದ್ದರು. “ಯಾರಿಂದ ಅಂತ ಗೊತ್ತಿದ್ದೂ ಬಿಟ್ರೆ ಅರ್ಧ ಬರೆದ ಹಾಗಾಗುತ್ತೆ ಸರ್,” ಎಂದಿದ್ದಳು. ಅವರು ಕಿಟಕಿಯ ಕಡೆ ನೋಡಿ, “ಒಂದು ಪ್ಯಾರಾ. ಅದಕ್ಕಿಂತ ಹೆಚ್ಚು ಬೇಡ,” ಎಂದು ಬಿಟ್ಟರು.

ಸಭೆಯಲ್ಲಿ ಅವಳು ಆ ಪ್ಯಾರಾವನ್ನು ಗಟ್ಟಿಯಾಗಿ ಓದಿದಳು. ಫೆಬ್ರವರಿಯ ಪಾರ್ಸಲ್ಲು, ಹನ್ನೊಂದು ಶೀಶೆ, ರೈಲು ನಿಲ್ದಾಣ, ಸರಂಗೆರೆಲ್ ಎಂಬ ಹೆಸರು.

ಎದುರು ಕೂತಿದ್ದ ಗುಕ್ ಪ್ರತಿಯನ್ನು ಎರಡು ಸಲ ಓದಿದ. ಅವನು ವಾದ ಮಾಡುತ್ತಾನೆಂದು ಎಲ್ಲರೂ ಕಾದರು. ಅವನ ಪಕ್ಕದಲ್ಲಿದ್ದ ಹಿರಿಯ ಅಧಿಕಾರಿ ಬಾಯಿ ತೆರೆಯುವುದರೊಳಗೆ ಗುಕ್ ಎದ್ದು ನಿಂತ.

“ನಮ್ಮ ಆ ಸಾಲನ್ನ ವಾಪಸ್ ತಗೋತೀವಿ,” ಎಂದ. “ನಾನು ಊಹೆ ಮೇಲೆ ಬರೆದಿದ್ದು. ದ್ವೀಪಕ್ಕೆ ಹೋಗಿ ಕೇಳಬೇಕಿತ್ತು, ಲಾಂಚಿನಲ್ಲಿ ನಲವತ್ತು ನಿಮಿಷದ ದಾರಿ. ಫ್ರಾಂಕ್‌ಫರ್ಟಿಗೆ ಐದು ಸಲ ಹೋದೆ, ಅಲ್ಲಿಗೆ ಹೋಗಲಿಲ್ಲ.”

ಸಭೆ ಮುಗಿದ ಮೇಲೆ ಗುಕ್ ಮೆಟ್ಟಿಲ ಬಳಿ ಅವಳಿಗಾಗಿ ಕಾದಿದ್ದ. “ಮೇಡಂ, ಆ ಹೆಂಗಸಿನ ನಂಬರ್ ಕೊಡ್ತೀರಾ?”

“ಯಾಕೆ?”

“ಸೋಪು ಅಂತ ಯಾರೂ ಕೇಳಲಿಲ್ವಾ ಅಂತ ಕೇಳಬೇಕು.” ಅವನು ನಗಲು ನೋಡಿದ, ಆಗಲಿಲ್ಲ. “ಹೇಗೆ ಕುಡಿಸಿದಳು ಅಂತ ತಿಳ್ಕೋಬೇಕು. ನಾನು ತಣ್ಣಗೇ ಕೊಡ್ತಿದ್ದೆ.”

ಆ ಪ್ಯಾರಾದ ಪರಿಣಾಮ ಹೀಗಾಯಿತು. ಯುರೋಪಿನ ಮೇಳಗಳು ನಿಂತವು. ದ್ವೀಪದ ಸಂಘಕ್ಕೆ ದಂಡ ಬಿತ್ತು. ಮಾಕ್ಸುನ್ ಅಜ್ಜಿ ಮದುವೆಮನೆಗೆ ಹೋಗುವ ಕೋಟು ತೊಟ್ಟು ತಾನೇ ಹೋಗಿ ಕಟ್ಟಿ ಬಂದಳು. ಅಲ್ಲಿಯ ಗುಮಾಸ್ತನಿಗೆ ಒಂದು ಶೀಶೆ ಯೂಜಾ ಕೊಡಹೋಗಿ, ಅದು ಲಂಚವಾಗುತ್ತದೆಂದು ಬೈಸಿಕೊಂಡು ಮರಳಿದಳು. ಗುಕ್‌ನನ್ನು ಬಂದರಿನ ಲಾಂಚು ವಿಭಾಗಕ್ಕೆ ಹಾಕಿದರು. ಮಂಗೋಲಿಯಾದ ಪೆಟ್ಟಿಗೆಗಳು ಯಾರ ಸಹಾಯವೂ ಇಲ್ಲದೆ ಮೊದಲಿನಂತೆಯೇ ಹೋಗುತ್ತಿದ್ದವು. ಮುಂದಿನ ವರ್ಷ ಇಂಥ ಯೋಜನೆಗಳಿಗೆ ಅರ್ಜಿ ಹಾಕುವ ನಮೂನೆಯಲ್ಲಿ ಒಂದು ಹೊಸ ಪ್ರಶ್ನೆ ಸೇರಿತ್ತು: ಈಗಿರುವ ಗಿರಾಕಿ ಮೊದಲು ಬಂದದ್ದು ಯಾರ ಮೂಲಕ? ಅದನ್ನು ಸೇರಿಸಿದವರು ಯಾರೆಂದು ಇನ್‌ಸುಕ್‌ಗೆ ಗೊತ್ತಾಗಲಿಲ್ಲ.

ಎಂಟು ವರ್ಷದ ಮೊಹರು ತೀರಿದ ಶರತ್ಕಾಲದಲ್ಲಿ ಸರಂಗೆರೆಲ್ ಬಂದಳು. ಈ ಸಲ ಖರೀದಿದಾರಳ ವೀಸಾದ ಮೇಲೆ. ಆಹ್ವಾನದ ಕಾಗದಪತ್ರಗಳನ್ನೆಲ್ಲ ಗುಕ್ ತನ್ನ ರಜೆಯ ದಿನಗಳಲ್ಲಿ ಕೂತು ತುಂಬಿ ಕೊಟ್ಟಿದ್ದ. ಇನ್‌ಸುಕ್ ಎರಡು ದಿನ ರಜೆ ಹಾಕಿ ದ್ವೀಪಕ್ಕೆ ಹೋದಳು. ಆ ದಿನ ಬಿಸಿಲು ಎಷ್ಟು ಚೆನ್ನಾಗಿತ್ತೆಂದರೆ ಅವಳಿಗೆ ಊರಿನ ಗುರುತೇ ಹತ್ತಲಿಲ್ಲ. ಇಲ್ಲಿ ಮನೆಗಳಿಗೆ ನೀಲಿ ಸೂರುಗಳಿದ್ದವೇ, ತೋಟದಿಂದ ಇಷ್ಟೊಂದು ಕಡಲು ಕಾಣುತ್ತಿತ್ತೇ ಎಂದು ಕೇಳಿಕೊಳ್ಳುತ್ತ ನಡೆದಳು.

ಷೆಡ್ಡಿನಲ್ಲಿ ಈಗ ಏಳೇ ಮಂದಿ. ಸರಂಗೆರೆಲ್ ಒಳ್ಳೆಯ ಬಟ್ಟೆಯ ಮೇಲೆಯೇ ಯಾರದೋ ಏಪ್ರನ್ ಕಟ್ಟಿಕೊಂಡು ಕೂತು ಹೆಚ್ಚುತ್ತಿದ್ದಳು. ಇನ್‌ಸುಕ್‌ಳನ್ನು ಕಂಡು ಎದ್ದು ನಿಂತು, ಒದ್ದೆ ಕೈಯಲ್ಲೇ ಅವಳ ಎರಡೂ ಕೈ ಹಿಡಿದು, “ಅಕ್ಕಾ, ನೀವು ಫೋನಲ್ಲಿ ಇದಕ್ಕಿಂತ ಬೆಳ್ಳಗಿದ್ರಿ,” ಎಂದಳು.

“ಅದು ಮಂಜು,” ಎಂದಳು ಇನ್‌ಸುಕ್.

ಊಟವಾದ ಮೇಲೆ ಮಾಕ್ಸುನ್ ಅಜ್ಜಿ ಮತ್ತೆ ನೆಲ ಬಿಸಿ ಮಾಡಿ ಅವಳನ್ನು ಮಲಗಿಸಿದಳು. ತೆರೆದ ಬಾಗಿಲಿನಾಚೆ ಷೆಡ್ಡಿನ ಮಾತು ಕೇಳುತ್ತಿತ್ತು.

“ಈ ವರ್ಷ ದಪ್ಪ ಹೆಚ್ಚಿದ್ದೀರಿ ಎಮೇ. ನನ್ನ ಗಿರಾಕಿಗಳು ಒಪ್ಪಲ್ಲ.”

“ಯಾರೇ ನಿನಗೆ ಹೆಚ್ಚೋದು ಕಲಿಸಿದ್ದು?”

“ನೀವೇ. ಅದಕ್ಕೇ ಹೇಳ್ತಿರೋದು.”

“ಹಾಗಾದ್ರೆ ಕಲಿಸಿದ್ದಕ್ಕೆ ಸೇರಿಸಿ ರೇಟು ಹಾಕ್ತೀನಿ, ಇರು.”

ದೊಕ್ಸಿಮ್ ಏನೋ ಅಂದಳು, ಎಲ್ಲರೂ ನಕ್ಕರು. ಇನ್‌ಸುಕ್‌ಗೆ ಅದು ಸರಿಯಾಗಿ ಕೇಳಿಸಲಿಲ್ಲ. ಕೇಳೋಣವೆಂದು ಕಿವಿಗೊಟ್ಟಳು. ಚಾಕುಗಳ ಸದ್ದು ಮಳೆಯಾಯಿತು, ಮಳೆ ಯಾವುದೋ ಬೀದಿಯಲ್ಲಿ ಸುರಿಯತೊಡಗಿತು, ಆ ಬೀದಿಯಲ್ಲಿ ಸಾಲಾಗಿ ನಡೆದು ಹೋಗುತ್ತಿದ್ದ ಹೆಂಗಸರಲ್ಲಿ ಒಬ್ಬಳು ನಿಂತು ತಿರುಗಿ ನೋಡಿದಳು. ನಿದ್ದೆ ಬಂದಿತ್ತು.